ಅನ್ನವ್ವನ ಹಾಜರಿ

ಕಲ್ಪನಾ ದಿನಾ ಮುಂಜಾನೆ ಒಂಬತ್ತಕ್ಕೆ ಹೆತ್ತವ್ವನ ಕಾಲು ಕಟ್ಟುತ್ತಿದ್ದಳು.

ಇದನ್ನು ಮೊದಲೇ ಹೇಳಿಬಿಡಬೇಕು. ತಡಮಾಡಿದರೆ ನೂರೆಂಟು ಕಾರಣಗಳು ಬಂದು ಅಂಟಿಕೊಳ್ಳುತ್ತವೆ. ಕಾರಣ ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ಕಲ್ಪನಾಗೆ ಯಾರ ಅಯ್ಯೋ ಪಾಪವೂ ಬೇಕಿರಲಿಲ್ಲ. ಬೆಟಗೇರಿಯ ನೇಕಾರರ ಓಣಿ, ಎರಡು ಖೋಲಿಯ ಮನೆ. ಮುಂದಿನ ಖೋಲಿಯಲ್ಲಿ ನಿಂತುಹೋದ ಮಗ್ಗ, ನೇಯುವವರು ಕಾಲಿಳಿಸಿ ಕೂರುವ ಅದರ ಕುಣಿಗೆ ಹಲಗೆ ಮುಚ್ಚಿತ್ತು. ಆ ಮಗ್ಗದ ಕಂಬಕ್ಕೆ ತಾಯಿಯ ಬಲಗಾಲು ಕಟ್ಟುವಳು. ಹೊರಗಿನಿಂದ ಕೀಲಿ ಹಾಕುವಳು. ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡು ಕೆಲಸಕ್ಕೆ ಹೊರಡುವಳು. ಕಾರ್ಡಿನ ಮೇಲೆ ಅವಳ ಫೋಟೊ, ಕೆಳಗೆ ಎರಡು ಸಾಲು: ಹಿರಿಯ ನಾಗರಿಕರ ಮೇಲಿನ ದೌರ್ಜನ್ಯ ತಡೆ ಯೋಜನೆ. ಕ್ಷೇತ್ರ ಕಾರ್ಯಕರ್ತೆ.

ಕಟ್ಟುವುದು ಹಗ್ಗದಿಂದಲ್ಲ. ಹಗ್ಗ ಮುದುಕಿಯ ಚರ್ಮ ಕೀಳುತ್ತದೆ. ಮಗ್ಗ ನಿಂತ ದಿನ ಅದರ ಮೇಲೆ ಉಳಿದಿದ್ದ ಹಾಸಿನ ನೂಲೆಳೆಗಳನ್ನು ಕಲ್ಪನಾ ತಾನೇ ಹೆಣೆದು ಮೆತ್ತಗಿನ ದಾರ ಮಾಡಿದ್ದಳು. ಉದ್ದ ಐದು ಮೊಳ. ಬಚ್ಚಲು ಮುಟ್ಟುತ್ತದೆ, ನೀರಿನ ಕೊಡ ಮುಟ್ಟುತ್ತದೆ, ಬಾಗಿಲು ಮುಟ್ಟುವುದಿಲ್ಲ. ಅಳತೆ ಹಿಡಿದವಳೂ ಅವಳೇ. ಹಾಕುತ್ತಿದ್ದ ಗಂಟು ನೇಕಾರರ ಗಂಟು, ಹರಿದ ಎಳೆಗೆ ಎಳೆ ಸೇರಿಸುವಾಗ ಹಾಕುವ ಸಣ್ಣ ಗಂಟು. ಜಗ್ಗಿದಷ್ಟೂ ಬಿಗಿಯಾಗುತ್ತದೆ. ಅಪ್ಪ ಕಲ್ಲಣ್ಣ ಅವಳಿಗೆ ಏಳನೆಯ ವರ್ಷದಲ್ಲೇ ಕಲಿಸಿದ್ದ. ಅವಳ ಬೆರಳಿಗೆ ಬೇರೆ ಗಂಟು ಬರುತ್ತಲೇ ಇರಲಿಲ್ಲ.

ಅಪ್ಪ ಸತ್ತು ಆರು ವರ್ಷ. ಕಲ್ಪನಾಳ ಗಂಡ ಶಿರಹಟ್ಟಿಯವ, ಮಕ್ಕಳಾಗಲಿಲ್ಲವೆಂದು ಇನ್ನೊಂದು ಮದುವೆಯಾದ. ಇವಳು ತವರಿಗೆ ಬಂದಳು. ಅಣ್ಣ ತಮ್ಮಂದಿರು ಇಲ್ಲ. ಇಡೀ ಜನ್ಮ ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ ತಾಯಿ ಅನ್ನವ್ವ ಒಂದೊಂದನ್ನೇ ಮರೆಯುತ್ತ ಬಂದಳು. ಮೊದಲು ಒಲೆ ಆರಿಸುವುದು, ಆಮೇಲೆ ಮಂದಿಯ ಹೆಸರು, ಆಮೇಲೆ ಮನೆಯ ದಾರಿ. ಒಂದು ದಿನ ರೈಲ್ವೆ ಹಳಿಯ ಮೇಲೆ ಕೂತು ಸೆರಗಿನ ತುಂಬ ಜಲ್ಲಿಕಲ್ಲು ಆರಿಸುತ್ತಿದ್ದಳು. ಕಂಡವರು ಎಳೆದು ತಂದರು. ಇನ್ನೊಂದು ಸಲ ಹೋದವಳು ಮೂರು ದಿನ ಸಿಗಲಿಲ್ಲ. ಕಡೆಗೆ ಮುಂಡರಗಿ ಬಸ್ ನಿಲ್ದಾಣದ ಹಿಂದೆ ಸಿಕ್ಕಳು. ಕಿವಿಯಲ್ಲಿ ಓಲೆ ಇರಲಿಲ್ಲ, ಮೈಮೇಲೆ ಸೀರೆ ನೆಟ್ಟಗಿರಲಿಲ್ಲ. ಏನಾಯಿತೆಂದು ಕಲ್ಪನಾ ಕೇಳಲಿಲ್ಲ. ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಆ ಮೂರು ದಿನ ಕೆಲಸಕ್ಕೆ ಹೋಗದ್ದಕ್ಕೆ ಆಫೀಸಿನಲ್ಲಿ ಮಂಗಳಾರತಿ ಆಯಿತು. ಇನ್ನೊಮ್ಮೆ ಹೀಗಾದರೆ ಬರುವುದೇ ಬೇಡ ಅಂದರು. ಅವತ್ತು ಮನೆಗೆ ಬಂದವಳೇ ಕಲ್ಪನಾ ತಾಯಿಯ ರಟ್ಟೆ ಹಿಡಿದು ಅಲುಗಾಡಿಸಿದಳು.

"ನೀ ಇನ್ನೊಮ್ಮೆ ಹೊರಗ ಹೋದ್ರ ನನ್ನ ನೌಕರಿ ಹೊಕ್ಕೈತಿ. ನೌಕರಿ ಹೋದ್ರ ಇಬ್ಬರೂ ಉಪಾಸ ಸಾಯೂದು. ತಿಳೀತೇನು?"

ಅನ್ನವ್ವ ತಲೆ ಆಡಿಸಿದಳು. ತಿಳಿದಿತ್ತೋ ಇಲ್ಲವೋ, ಯಾರು ಕಂಡರು. ಮರುದಿನದಿಂದ ದಾರ ಬಂತು.

ಬಾಜೂ ಮನೆಯ ಖಾತುನಬಿ ಎರಡು ಸಲ ಕೇಳಿದ್ದಳು. "ಒಂದ ಕೀಲಿಕೈ ನನ್ನ ಕಡೆ ಇಟ್ಟ ಹೋಗವಾ. ವ್ಯಾಳ್ಯಾ ಹೆಂಗೋ ಏನೋ." ಖಾತುನಬಿಗೂ ಅರವತ್ತೆಂಟು ದಾಟಿದೆ, ಮೊಣಕಾಲು ಹಿಡಿದಿದೆ. ಅನ್ನವ್ವನ ಜೊತೆ ನಲವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತಿದವಳು. ಕಲ್ಪನಾ ಕೀಲಿಕೈ ಕೊಡಲಿಲ್ಲ. ಕೊಟ್ಟರೆ ಖಾತುನಬಿ ಒಳಗೆ ಬರುತ್ತಾಳೆ, ದಾರ ನೋಡುತ್ತಾಳೆ. ಆ ನಾಚಿಕೆಗೆ ಹೆದರಿ ಒಂದೇ ಕೀಲಿಕೈಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಳು. ಖಾತುನಬಿ ಕಿಟಕಿಯಿಂದ ಯಾವಾಗಲೋ ನೋಡಿಯಾಗಿತ್ತು. ಅವಳು ಆ ಮಾತು ಎತ್ತಲಿಲ್ಲ ಅಷ್ಟೇ.

ಕೆಲಸ ಏನೆಂದರೆ, ಮುದುಕರನ್ನು ಕಟ್ಟಬಾರದು ಎಂದು ಊರೂರು ತಿರುಗಿ ಹೇಳುವುದು.

ಹಿರಿಯರನ್ನು ಮನೆಯವರು ಹೊಡೆಯದಂತೆ, ಬಯ್ಯದಂತೆ, ಕೂಡಿಹಾಕದಂತೆ ನೋಡಿಕೊಳ್ಳಲು ಸರಕಾರ ಅನುದಾನ ಕೊಟ್ಟಿತ್ತು. ಅನುದಾನ ಗದುಗಿನ ಒಂದು ಸಂಸ್ಥೆಗೆ ಬಂತು. ಅದರಲ್ಲಿ ಬ್ಯಾನರಿಗೆ ಇತ್ತು, ಮೈಕಿಗೆ ಇತ್ತು, ವೇದಿಕೆಗೆ ಬರುವವರ ಶಾಲು ಹಾರಕ್ಕೆ ಇತ್ತು, ಸಹಾಯವಾಣಿಯ ಚೀಟಿ ಅಚ್ಚು ಹಾಕಿಸಲು ಇತ್ತು. ಕಲ್ಪನಾ ಲಕ್ಷ್ಮೇಶ್ವರದ ಕಡೆ ಒಂದು ದಿನ, ಶಿರಹಟ್ಟಿ ಮಗ್ಗುಲಿನ ಮಾಗಡಿ ಕಡೆ ಒಂದು ದಿನ, ಸಿಂಗಟಾಲೂರಿನ ಹೊಳೆದಂಡೆಗೆ ಒಂದು ದಿನ ಬಸ್ಸು ಹತ್ತುವಳು. ಗುಡಿಯ ಕಟ್ಟೆಯ ಮೇಲೆ ಮಂದಿ ಕೂಡಿಸಿ ಚಿತ್ರದ ಹಾಳೆಗಳನ್ನು ಮಗುಚುವಳು. ಒಂದನೆಯದು ಬಯ್ಯುವ ಹಿಂಸೆ. ಎರಡನೆಯದು ಹೊಡೆಯುವ ಹಿಂಸೆ. ಮೂರನೆಯದು ಆಸ್ತಿ ಬರೆಸಿಕೊಳ್ಳುವ ಹಿಂಸೆ. ನಾಲ್ಕನೆಯ ಹಾಳೆಯಲ್ಲಿ ಒಬ್ಬ ಮುದುಕನನ್ನು ಮಂಚದ ಕಾಲಿಗೆ ಕಟ್ಟಿಹಾಕಿದ ಚಿತ್ರ. ಆ ಹಾಳೆಯನ್ನು ಕಲ್ಪನಾ ಬೇಗ ಮಗುಚುತ್ತಿದ್ದಳು.

ಅಡರಕಟ್ಟಿಯಲ್ಲಿ ಹನಮಂತವ್ವ ಎಂಬ ಮುದುಕಿ ಅದನ್ನು ಹಿಡಿದಳು.

"ತಡಿಯವಾ ತಂಗಿ. ಆ ಚಿತ್ರ ಇನ್ನೊಮ್ಮೆ ತೋರ್ಸು."

ಕಲ್ಪನಾ ತೋರಿಸಿದಳು. ಹನಮಂತವ್ವ ಹತ್ತಿರ ಬಂದು ನೋಡಿದಳು.

"ನಿಮ್ಮವ್ವ ಅದಾಳ?"

"ಅದಾಳ್ರಿ ಆಯಿ."

"ಯಾರ ಕಡೆ ಬಿಟ್ಟ ಬಂದೀ?"

"ಮನ್ಯಾಗ ಅದಾಳ್ರಿ."

"ಮನ್ಯಾಗ ಅಂದ್ರ ಯಾರ ಕೂಡ?"

"ಐದನೇದು ಕೈಬಿಡೂದು," ಅಂದು ಕಲ್ಪನಾ ಹಾಳೆ ಮಗುಚಿದಳು.

ಹನಮಂತವ್ವ ಸಭೆ ಮುಗಿದ ಮೇಲೆ ಮನೆಗೆ ಹೋಗಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ತಂದು ಇವಳ ಕೈಗೆ ಇಟ್ಟಳು. "ನಿಮ್ಮವ್ವಗ ಕೊಡು. ನನ್ನ ವಾರಿಗಿಯಾಕಿ ಇರಬೇಕು." ಮುಂಜಾನೆಯಿಂದ ಹೊಟ್ಟೆಗೆ ಏನೂ ಇರಲಿಲ್ಲ. ಬಸ್ಸಿನಲ್ಲಿ ಕಲ್ಪನಾ ಒಂದು ರೊಟ್ಟಿ ತಿಂದಳು. ಆಮೇಲೆ ಇನ್ನೊಂದನ್ನೂ ತಿಂದಳು. ಮನೆಗೆ ಬಂದು ಕೀಲಿ ತೆಗೆದಾಗ ಅನ್ನವ್ವ ಕಂಬಕ್ಕೆ ಒರಗಿ ಕೂತಿದ್ದಳು, ಮುಂಜಾನೆ ಇಟ್ಟುಹೋದ ಗಂಗಾಳದ ಅನ್ನದಲ್ಲಿ ಅರ್ಧ ಹಾಗೇ ಇತ್ತು. ಮಗಳನ್ನು ಕಂಡು "ಉಂಡಿಯೇನವಾ?" ಅಂತ ಕೇಳಿದಳು. ಕಲ್ಪನಾ ಹೂಂ ಅಂದಳು.

ಇಷ್ಟೇ ಆಗಿದ್ದರೆ ಇದು ಒಬ್ಬ ಮಗಳ ಪಾಪದ ಕಥೆ. ಊರಲ್ಲಿ ಇಂಥವು ಮನೆಗೊಂದು ಇವೆ. ಆದರೆ ಆ ಅನುದಾನದಲ್ಲಿ ಇನ್ನೊಂದು ಸಂಗತಿ ಇತ್ತು.

ಕಲ್ಪನಾಳ ಮನೆಯಿಂದ ಎರಡು ಓಣಿ ಆಚೆ ಒಂದು ಕಟ್ಟಡ. ಮುಂದೆ ನೀಲಿ ಬೋರ್ಡು: ಹಿರಿಯರ ಹಗಲು ಆಸರೆ ಕೇಂದ್ರ. ಒಳಗೆ ಹನ್ನೆರಡು ಮಂಚ, ಹೊಸ ಗಾದಿ, ಟಿವಿ, ನೀರು ಸೋಸುವ ಯಂತ್ರ, ಹಿಡಿದು ನಡೆಯಲು ಗೋಡೆಗುಂಟ ಸ್ಟೀಲಿನ ಕೊಳವೆ. ಮನೆಯವರು ಕೆಲಸಕ್ಕೆ ಹೋದಾಗ ಮುದುಕರು ಅಲ್ಲಿ ಕೂರಬೇಕು, ಅವರನ್ನು ನೋಡಿಕೊಳ್ಳಲು ಇಬ್ಬರು ಹೆಂಗಸರು ಇರಬೇಕು. ಕಾಗದದ ಮೇಲೆ ಎಲ್ಲ ಇತ್ತು. ಒಂದೇ ಒಂದು ದಿನ ಅದು ತೆರೆಯಿತು. ಕಲ್ಪನಾ ತಾನೇ ಓಣಿ ಓಣಿ ತಿರುಗಿ ಇಪ್ಪತ್ತು ಮಂದಿ ಮುದುಕರನ್ನು ಕರೆತಂದಳು. ಅನ್ನವ್ವನನ್ನೂ ತಂದಳು, ಖಾತುನಬಿಯನ್ನೂ ತಂದಳು. ಎಲ್ಲರಿಗೂ ಒಂದೊಂದು ಲಾಡು ಕೊಟ್ಟು, ಮಂಚದ ಮೇಲೆ ಕೂಡಿಸಿ ಫೋಟೊ ತೆಗೆದರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಸಂಜೆಗೆ ಕೀಲಿ ಬಿತ್ತು. ಹದಿನಾಲ್ಕು ತಿಂಗಳಾದರೂ ಅದು ಮತ್ತೆ ತೆರೆಯಲಿಲ್ಲ.

ಹಾಜರಿ ಪುಸ್ತಕ ಮಾತ್ರ ತೆರೆದೇ ಇತ್ತು. ಅದನ್ನು ಬರೆಯುವ ಕೆಲಸ ಕಲ್ಪನಾಳದು. ತಿಂಗಳ ಕೊನೆಯ ಸಂಜೆ ಮನೆಯಲ್ಲಿ ಕೂತು ಇಪ್ಪತ್ತು ಹೆಸರಿನ ಮುಂದೆ ಮೂವತ್ತು ದಿನದ ಹಾಜರಿ ಹಾಕುವಳು. ಒಂಬತ್ತನೆಯ ಹೆಸರು ಅನ್ನವ್ವ ಕಲ್ಲಣ್ಣ. ಹಾಜರ್, ಹಾಜರ್, ಹಾಜರ್. ಎದುರಿಗೆ ಕಂಬದ ಹತ್ತಿರ ಅನ್ನವ್ವ ಹಿಮ್ಮಡಿ ತಿಕ್ಕಿಕೊಳ್ಳುತ್ತ ಕೂತಿರುತ್ತಿದ್ದಳು. ಸರಕಾರದ ಲೆಕ್ಕದಲ್ಲಿ ಆಕೆ ದಿನಾ ಹತ್ತರಿಂದ ಐದರವರೆಗೆ ಗಾದಿಯ ಮೇಲೆ ಕೂತು ಟಿವಿ ನೋಡುತ್ತಿದ್ದಳು.

ಕಲ್ಪನಾ ಒಮ್ಮೆ ಬಾಯಿಬಿಟ್ಟು ಕೇಳಿದ್ದಳು. ಯೋಜನೆಯ ಸಂಯೋಜಕ ಅಂಬರೀಶ. ಕೆಟ್ಟವನಲ್ಲ ಅನ್ನುತ್ತಿದ್ದರು ಎಲ್ಲರೂ. ಹಬ್ಬಕ್ಕೆ ಸಿಹಿ ಕೊಡುತ್ತಾನೆ, ಮೇಲಿನವರ ಮುಂದೆ ಸಿಬ್ಬಂದಿಯನ್ನು ಬಯ್ಯುವುದಿಲ್ಲ. ಕೇಂದ್ರದ ಕೀಲಿಕೈ ಅವನ ಮೇಜಿನ ಖಾನೆಯಲ್ಲಿರುತ್ತಿತ್ತು.

"ಸರ್, ಆ ಕೀಲಿಕೈ ಕೊಡ್ರಿ. ನಮ್ಮವ್ವನ್ನ ಅಲ್ಲೆ ಕುಂಡ್ರಿಸಿ ಹೋಗತೇನಿ. ಓಣ್ಯಾಗ ಇನ್ನೂ ಮೂರ ನಾಕ ಮಂದಿ ಬರ್ತಾರ. ನೋಡಕೊಳ್ಳಾಕ ಖಾತುನಬಿ ಚಾಚಿ ಹೂಂ ಅಂದಾಳ. ಪಗಾರ ಬ್ಯಾಡ ಅಂತಾಳ."

ಅಂಬರೀಶ ನಕ್ಕ. "ಹುಚ್ಚಿ ಅದೀ ನೀ. ಸಿಬ್ಬಂದಿ ಮನಿಯವ್ರನ್ನ ಕುಂಡ್ರಿಸಿದ್ರ ನಾಳೆ ಆಕ್ಷೇಪಣಿ ಬರ್ತೈತಿ. ಮತ್ತ ಆ ಮುದುಕ್ಯಾರು ಗಾದಿ ಮ್ಯಾಲೆ ಉಚ್ಚಿ ಹೊಯ್ದ್ರ ತೊಳಿಯೂದ್ಯಾರು? ದೊಡ್ಡವ್ರು ಯಾರರ ನೋಡಾಕ ಬಂದ್ರ ಸ್ವಚ್ಛ ಇರಬೇಕಲ್ಲ."

ಕಲ್ಪನಾ ತೊಳೆಯುತ್ತೇನೆ ಅನ್ನಬೇಕೆಂದಿದ್ದಳು. ಅನ್ನಲಿಲ್ಲ. ಹೊರಗೆ ಬಂದು ತಾಸುಗಟ್ಟಲೆ ತನ್ನನ್ನೇ ಬಯ್ದುಕೊಂಡಳು. ಮರುದಿನ ಮತ್ತೆ ಕಾಲು ಕಟ್ಟಿದಳು.

ಹೀಗಿರುವಾಗ ಒಂದು ದಿನ ಬೆಂಗಳೂರಿನಿಂದ ತಪಾಸಣೆಗೆ ಮೇಡಂ ಬಂದರು. ಮುಂದಿನ ಕಂತಿನ ಅನುದಾನ ಆಕೆಯ ಸಹಿಯ ಮೇಲೆ ನಿಂತಿತ್ತು. ಆಫೀಸಿಗೆ ಹೂವಿನ ಕುಂಡ ಬಂದಿದ್ದವು. ಮೇಡಂ ಬಂದವರೇ, "ಎಲ್ರೂ ಫೋನ್ ಸೈಲೆಂಟ್ ಮಾಡಿ," ಅಂದರು. ಕಲ್ಪನಾ ಮಾಡಿ ಚೀಲದಲ್ಲಿ ಹಾಕಿದಳು. ಆಗ ಹತ್ತೂ ಕಾಲು.

ಹನ್ನೊಂದೂವರೆಗೆ ಸಹಾಯವಾಣಿಯ ಫೋನು ಬಡಿದುಕೊಂಡಿತು. ಅಂಬರೀಶನ ಮುಖ ಅರಳಿತು. ವರ್ಷಕ್ಕೆ ನಾಲ್ಕು ಸಲವೂ ಬಡಿದುಕೊಳ್ಳದ ಫೋನು ಮೇಡಂ ಎದುರಿಗೇ ಬಡಿದುಕೊಂಡಿತ್ತು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಬೆಟಗೇರಿಯಿಂದ ಮಾತಾಡಾಕ ಹತ್ತೇನ್ರಿ," ಒಂದು ಹೆಣ್ಣುದನಿ ಏದುಸಿರು ಬಿಡುತ್ತಿತ್ತು. "ನಮ್ಮ ಬಾಜೂ ಮನ್ಯಾಗ ಮುದುಕಿ ಮಗ್ಗದ ಕುಣ್ಯಾಗ ಬಿದ್ದಾಳ್ರಿ. ಒಂದ ಕಾಲ ಮ್ಯಾಲ ಕಂಬಕ್ಕ ಕಟ್ಟೇತಿ. ಕಿಡಕ್ಯಾಗಿಂದ ಕಾಣಸ್ತೈತಿ. ಬಾಗಲಕ್ಕ ಕೀಲಿ ಐತ್ರಿ. ಮನಿಯಾಕಿ ಫೋನ್ ಎತ್ತವಲ್ಲಳು. ಗ್ವಾಡಿ ಮ್ಯಾಲ ಈ ನಂಬರ್ ಇತ್ತು, ಅದಕ್ಕ ಹಚ್ಚೇನ್ರಿ. ಜಲ್ದಿ ಬರ್ರಿ. ನೇಕಾರರ ಓಣಿ, ಬೇವಿನ ಗಿಡದ ಬಾಜೂ."

ಖಾತುನಬಿಯ ಸೊಸೆ ಮಹೆಕಳ ದನಿ. ಗೋಡೆಯ ಮೇಲೆ ಆ ಚೀಟಿ ಅಂಟಿಸಿದವಳು ಕಲ್ಪನಾನೇ. ಹಂಚಿ ಉಳಿದ ಚೀಟಿಗಳನ್ನು ಸುಮ್ಮನೆ ತನ್ನ ಓಣಿಯಲ್ಲಿ ಬಳಿದು ಬಂದಿದ್ದಳು.

ಚೀಲದಿಂದ ಫೋನು ತೆಗೆದು ನೋಡಿದಳು. ಹದಿಮೂರು ಸಲ ಕರೆದಿದ್ದರು.

ಆಗ ಒಂದು ಮಾತು ಹೇಳಬೇಕಿತ್ತು. ಅದು ನಮ್ಮವ್ವ ಅಂತ. ಎರಡೇ ಶಬ್ದ. ಕಲ್ಪನಾ ಹೇಳಲಿಲ್ಲ. ಅಂಬರೀಶ ಗಾಡಿ ತರಿಸಿದ, ಮೇಡಮ್ಮನಿಗೆ ಮುಂದಿನ ಬಾಗಿಲು ತೆರೆದ. "ಕಲ್ಪನಾ ಅವ್ರ, ಫಾರ್ಮ್ ತಗೊಂಡ ಬರ್ರಿ," ಅಂದ. ಅವಳು ಫಾರ್ಮು ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಗದುಗಿನಿಂದ ಬೆಟಗೇರಿ ಹತ್ತು ನಿಮಿಷದ ದಾರಿ. ಅಂಬರೀಶ ದಾರಿಯುದ್ದಕ್ಕೂ ಮೇಡಮ್ಮನಿಗೆ ಯೋಜನೆಯ ಬಗ್ಗೆ ಹೇಳುತ್ತಿದ್ದ. "ಹೆತ್ತವರನ್ನ ಕಟ್ಟಿಹಾಕೋ ಅಂಥಾ ಜನಾನೂ ಇದ್ದಾರ ನೋಡ್ರಿ ಮೇಡಂ," ಅಂದ. ಮೇಡಂ, "ಅನಾಗರಿಕರು," ಅಂದರು. ಕಲ್ಪನಾಳ ಚೀಲದಲ್ಲಿ ಮನೆಯ ಕೀಲಿಕೈ ಇತ್ತು. ಅವಳು ಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದಳು. ಅವ್ವ ಸತ್ತಿದ್ದರೆ ಎಂದು ಯೋಚನೆ ಬಂತು. ಅದರ ಜೊತೆಗೇ, ಯಾರಿಗೂ ಗೊತ್ತಾಗದಿದ್ದರೆ ಎಂದೂ ಬಂತು. ಯಾವುದು ಮೊದಲು ಬಂದಿತ್ತು ಎಂದು ಆಮೇಲೆ ಅವಳು ಬಹಳ ಸಲ ನೆನಪು ಮಾಡಿಕೊಳ್ಳಲು ಹೋಗಿ ನಿಲ್ಲಿಸಿದ್ದಾಳೆ.

ಮನೆಯ ಮುಂದೆ ಹೆಂಗಸರು ಸೇರಿದ್ದರು. ಗಂಡಸರು ಯಾರೂ ಮನೆಯಲ್ಲಿರುವ ಹೊತ್ತಲ್ಲ. ಖಾತುನಬಿ ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು, ಕಿಟಕಿಯ ಕಡೆ ಮುಖ ಮಾಡಿ ಒಳಗಿನವಳ ಜೊತೆ ಮಾತಾಡುತ್ತಲೇ ಇದ್ದಳು. "ಬಂದ್ರು ಅನ್ನವ್ವಾ, ಬಂದ್ರು. ಕಣ್ಣ ಮುಚ್ಚಬ್ಯಾಡ."

"ಕೀಲಿ ಒಡೀಬೇಕು. ಯಾರರ ಕಲ್ಲ ತರ್ರಿ," ಅಂದ ಅಂಬರೀಶ, ಮೊಬೈಲು ಎತ್ತಿ ಹಿಡಿದು.

ಖಾತುನಬಿ ತಿರುಗಿ ನೋಡಿದಳು. ಗಾಡಿಯ ಹಿಂದೆ ನಿಂತವಳು ಕಣ್ಣಿಗೆ ಬಿದ್ದಳು.

"ಕಲ್ಪನಾ," ಅಂದಳು ಮೆತ್ತಗೆ. "ಕೀಲಿ ತಗಿಯವಾ."

ಎಲ್ಲರೂ ತಿರುಗಿದರು. ಅಂಬರೀಶನೂ, ಮೇಡಮ್ಮೂ, ಓಣಿಯ ಹೆಂಗಸರೂ. ಕಲ್ಪನಾ ಚೀಲದೊಳಗೆ ಕೈ ಹಾಕಿದಳು. ಕೀಲಿಕೈ ಸಿಗಲಿಲ್ಲ. ಚೀಲವನ್ನು ನೆಲಕ್ಕೆ ಸುರಿದಳು. ಹಾಜರಿ ಪುಸ್ತಕ ಬಿತ್ತು, ಚಿತ್ರದ ಹಾಳೆಗಳು ಬಿದ್ದವು, ಕಡೆಗೆ ಕೀಲಿಕೈ ಬಿತ್ತು. ಹತ್ತು ಹೆಜ್ಜೆಯ ಆ ಅಂಗಳವನ್ನು ಅವಳು ಹೇಗೆ ದಾಟಿದಳೋ ಅವಳಿಗೇ ಗೊತ್ತು.

ಒಳಗೆ ಮಗ್ಗದ ಕುಣಿಯ ಮೇಲಿನ ಹಲಗೆ ಮುರಿದಿತ್ತು. ಗೆದ್ದಲು ಹಿಡಿದ ಹಲಗೆ, ಬದಲಿಸಬೇಕೆಂದು ಅವಳು ಎರಡು ತಿಂಗಳಿಂದ ಮುಂದೂಡುತ್ತಿದ್ದುದು. ಅನ್ನವ್ವ ಕುಣಿಯೊಳಗೆ ಕುಸಿದಿದ್ದಳು. ಬಲಗಾಲು ಮಾತ್ರ ಕಂಬಕ್ಕೆ ಸುತ್ತಿಕೊಂಡ ದಾರಕ್ಕೆ ಜಗ್ಗಿ ಮೇಲೆ ನಿಂತಿತ್ತು. ಹಿಮ್ಮಡಿಯ ಮೇಲೆ ಚರ್ಮ ಸುಲಿದು ರಕ್ತ ಒಣಗಿತ್ತು. ಸೀರೆ ತೊಯ್ದಿತ್ತು. ಕಣ್ಣು ತೆರೆದೇ ಇದ್ದಳು.

"ಒಂದ ನಿಮಿಷ, ಯಾರೂ ಮುಟ್ಟಬ್ಯಾಡ್ರಿ," ಅಂದ ಅಂಬರೀಶ ಬಾಗಿಲಲ್ಲಿ ನಿಂತು. "ಫೋಟೊ ಆಗ್ಲಿ."

ಕಲ್ಪನಾ ಕುಣಿಗೆ ಇಳಿದಳು. ತಾಯಿಯ ಕಂಕುಳಿಗೆ ಕೈಹಾಕಿ ಎತ್ತಿದಳು. ಉಚ್ಚೆಯಲ್ಲಿ ತೊಯ್ದ ಸೀರೆ ಅವಳ ಎದೆಗೆ, ಕೊರಳ ಕಾರ್ಡಿಗೆ ಒತ್ತಿತು. ಮಹೆಕ ಮೇಲಿನಿಂದ ಕೈಕೊಟ್ಟಳು. ಇಬ್ಬರೂ ಸೇರಿ ಮುದುಕಿಯನ್ನು ಮೇಲೆ ಕೂಡಿಸಿದರು. ಫೋಟೊ ತೆಗೆಯುವ ಸದ್ದು ನಿಂತಿರಲಿಲ್ಲ.

"ಮೇಡಂ, ಗಂಟ ನೀವ ಬಿಚ್ಚ್ರಿ," ಅಂದ ಅಂಬರೀಶ.

ಮೇಡಂ ಮೂಗು ಮುಚ್ಚಿಕೊಂಡೇ ಕೂತು ಗಂಟಿಗೆ ಉಗುರು ಹಾಕಿದರು. ಜೋತುಬಿದ್ದ ಭಾರಕ್ಕೆ ಅದು ಕಲ್ಲಾಗಿತ್ತು. ಬರಲಿಲ್ಲ. "ಕತ್ತರಿ ಕೊಡಿ ಯಾರಾದ್ರೂ," ಅಂದರು.

"ಕತ್ತರಿ ಹಚ್ಚಬ್ಯಾಡ್ರಿ," ಅನ್ನವ್ವ ಅಂದಳು. "ಎಳಿ ಹಾಳಾಕ್ಕಾವು."

ಮುಂದೆ ಬಾಗಿದಳು. ಹೆಬ್ಬೆರಳಿನ ಉಗುರಿನಿಂದ ಒಂದು ಎಳೆಯನ್ನು ನೆಟ್ಟಗೆ ಮಾಡಿದಳು. ಇನ್ನೊಂದನ್ನು ಹಿಂದಕ್ಕೆ ನೂಕಿದಳು. ಗಂಟು ಕಳಚಿ ನೆಲಕ್ಕೆ ಬಿತ್ತು. ಮೂರು ಎಣಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಲಕ್ಷ ಸಲ ಆ ಗಂಟು ಹಾಕಿ ಲಕ್ಷ ಸಲ ತೆಗೆದ ಕೈ. ಮಗಳ ಹೆಸರು ಕೆಲವು ದಿನ ಆಕೆಗೆ ನೆನಪಾಗುತ್ತಿರಲಿಲ್ಲ. ಬೆರಳು ಏನೂ ಮರೆತಿರಲಿಲ್ಲ.

ಕಲ್ಪನಾ ಆ ದಾರವನ್ನೇ ನೋಡುತ್ತಿದ್ದಳು.

"ಯವ್ವಾ, ನಿನಗ ಇದು ಬಿಚ್ಚಾಕ ಬರತಿತ್ತು?"

"ನಮ್ಮ ಗಂಟ ನನಗ ಬರೂದಿಲ್ಲೇನು?"

"ಮತ್ತ ಇಷ್ಟ ದಿನಾ ಯಾಕ ಬಿಚ್ಚಲಿಲ್ಲ?"

ಅನ್ನವ್ವ ಮಗಳನ್ನು ನೋಡಿದಳು, ತಿಳಿಯದ ಹುಡುಗಿಗೆ ತಿಳಿಸಿ ಹೇಳುವವಳ ಹಾಗೆ.

"ನಾ ಹೊರಗ ಹೋದ್ರ ನಿನ್ನ ನೌಕರಿ ಹೊಕ್ಕೈತೆಲ್ಲಾ. ನೀನ ಹೇಳಿದ್ದಿ."

ನೆಲ ಬಾಯಿ ತೆರೆದರೆ ಕಲ್ಪನಾ ಇಳಿದುಬಿಡುತ್ತಿದ್ದಳು. ಕುಣಿ ಎದುರಿಗೇ ಬಾಯಿ ತೆರೆದುಕೊಂಡಿತ್ತು. ಒಂದು ವರ್ಷದ ಮೇಲೆ ಎರಡು ತಿಂಗಳು ಅವಳು ತಾಯಿಯನ್ನು ಕಟ್ಟಿದ್ದೇನೆ ಎಂದುಕೊಂಡಿದ್ದಳು. ತಾಯಿ ಅಷ್ಟೂ ದಿನ ಕಟ್ಟಿಸಿಕೊಂಡು ಕೂತಿದ್ದಳು.

ಮೇಡಂ ಎದ್ದು ಕೈ ಒರೆಸಿಕೊಂಡರು. "ಕಟ್ಟಿದ್ದು ಯಾರು? ರಿಪೋರ್ಟ್ ಈಗಲೇ ಆಗ್ಲಿ."

ಅಂಬರೀಶ ಕಲ್ಪನಾಳ ರಟ್ಟೆ ಹಿಡಿದು ಒಳಖೋಲಿಗೆ ಎಳೆದ. ಅವನ ಹಣೆಯಲ್ಲಿ ಬೆವರು.

"ಮೊದಲ ಯಾಕ ಹೇಳಲಿಲ್ಲ ನೀ? ಆತು, ಆದದ್ದಾತು. ಈಗ ನಾ ಹೇಳಿದಂಗ ಬರಿ. ಅನ್ನವ್ವ ಅಂತ ಬರೀಬ್ಯಾಡ, ಆ ಹೆಸರು ಹಾಜರ್ಯಾಗ ಐತಿ. ಬ್ಯಾರೆ ಹೆಸರ ಹಾಕು. ನಿನ್ನ ಸಂಬಂಧಿಕರು ಅನ್ನು. ಬಾಜೂ ಮನಿಯಾಕಿ ಕಡೆ ನೋಡಕೊಳ್ಳಾಕ ಬಿಟ್ಟಿದ್ದಿ, ಆಕಿ ಕಟ್ಟಿ ಹಾಕ್ಯಾಳ ಅನ್ನು."

"ಖಾತುನಬಿ ಚಾಚಿ?"

"ಆಕಿಗೇನಾಕ್ಕೈತಿ? ಬುದ್ಧಿ ಹೇಳಿ ಬಿಡತಾರ. ಇಲ್ಲಂದ್ರ ನಿನ್ನ ಮ್ಯಾಲ ಕೇಸ ಆಕ್ಕೈತಿ, ಯೋಜನಾ ನಿಂತ ಹೊಕ್ಕೈತಿ. ಹಾಜರಿ ಬರದಾಕಿ ನೀನ, ಮರೀಬ್ಯಾಡ. ನಿನ್ನ ಕೈಬರಹ ಐತಿ."

ಅವಳು ಯೋಚಿಸಿದಳು. ಇದನ್ನೂ ಮುಚ್ಚಿಡುವುದು ಬೇಡ. ಪೂರಾ ಒಂದು ನಿಮಿಷ ಅವಳು ಯೋಚಿಸಿದಳು. ನೌಕರಿ ಉಳಿಯುತ್ತದೆ, ಮನೆಯಲ್ಲಿ ಒಲೆ ಉರಿಯುತ್ತದೆ, ಖಾತುನಬಿ ಮಾತಾಡುವವಳಲ್ಲ, ಕ್ಷಮಿಸಿಯೂ ಬಿಡುತ್ತಾಳೆ. ಎಲ್ಲ ಹೊಂದುತ್ತಿತ್ತು. ನಡುವಿನ ಬಾಗಿಲಿನಿಂದ ಮುಂದಿನ ಖೋಲಿ ಕಾಣುತ್ತಿತ್ತು. ಖಾತುನಬಿ ಆ ಮೊಣಕಾಲನ್ನು ಮಡಚಿ ಹೇಗೋ ನೆಲಕ್ಕೆ ಕೂತಿದ್ದಳು. ತನ್ನ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಅನ್ನವ್ವನ ಕಾಲಿನ ರಕ್ತ ಒರೆಸುತ್ತಿದ್ದಳು.

ಕಲ್ಪನಾ ಹೊರಗೆ ಬಂದು ನೆಲದ ಮೇಲೆ ಕೂತು ಫಾರ್ಮು ತುಂಬಿದಳು. ಬರೆದದ್ದನ್ನು ಎದ್ದು ನಿಂತು ಓದಿದಳು. ಓಣಿಯ ಹೆಂಗಸರಿಗೆಲ್ಲ ಕೇಳುವ ಹಾಗೆ ಓದಿದಳು.

"ಹಿಂಸೆಗೆ ಒಳಗಾದವರು, ಅನ್ನವ್ವ ಕಲ್ಲಣ್ಣ. ಹಿಂಸೆ ಮಾಡಿದವರು, ಕಲ್ಪನಾ ಕಲ್ಲಣ್ಣ. ಸಂಬಂಧ, ಮಗಳು."

ಅಂಗಳಕ್ಕೆ ಹೋಗಿ ಬಿದ್ದಿದ್ದ ಹಾಜರಿ ಪುಸ್ತಕ ಎತ್ತಿ ತಂದಳು. ಅದನ್ನು ತೆರೆದು ಮೇಡಮ್ಮನ ಮುಂದೆ ಹಿಡಿದಳು.

"ಇದ್ರಾಗೂ ಅನ್ನವ್ವ ಅದಾಳ್ರಿ ಮೇಡಂ. ಒಂಬತ್ತನೇ ಹೆಸರು. ಇವತ್ತ ಮುಂಜಾನೆನೂ ಕೇಂದ್ರದಾಗ ಹಾಜರ್ ಅದಾಳ. ನಿಮಗ ತೋರಸಾಕ ಅಂತ ನಿನ್ನೇನ ಬರದೇನಿ. ಕೇಂದ್ರಕ್ಕ ಕೀಲಿ ಬಿದ್ದು ಹದಿನಾಕ ತಿಂಗಳಾತು. ಎರಡ ಓಣಿ ಆಚೆ ಐತಿ, ನಡದ ಹೋಗಿ ನೋಡ್ರಿ. ಕಟ್ಟಿದಾಕಿ ನಾನ. ಬ್ಯಾರೆ ಯಾರ ಮ್ಯಾಲೂ ಹಾಕೂದಿಲ್ಲ. ಆದ್ರ ಆ ಬಾಗಲಾ ತಗದಿದ್ರ ನಾ ಕಟ್ಟತಿದ್ದಿಲ್ಲ."

ಮೇಡಂ ಪುಸ್ತಕ ಮುಟ್ಟಲಿಲ್ಲ. ಅಂಬರೀಶನ ಮುಖ ನೋಡಿದರು, ಗಡಿಯಾರ ನೋಡಿದರು. "ಇದು ನಾನು ಇಲ್ಲಿ ನಿಂತು ತೀರ್ಮಾನ ಮಾಡೋ ವಿಷಯ ಅಲ್ಲ. ಮೇಲಿನವರ ಗಮನಕ್ಕೆ ತರ್ತೀನಿ," ಅಂದು ಹೋಗಿ ಗಾಡಿ ಹತ್ತಿದರು. ನಡೆದು ಹೋಗಿ ನೋಡಬಹುದಾಗಿದ್ದ ಬಾಗಿಲನ್ನು ನೋಡಲಿಲ್ಲ.

"ಕಾರ್ಡ್ ಕೊಡು," ಅಂದ ಅಂಬರೀಶ.

ಕೊರಳಿನಿಂದ ತೆಗೆದುಕೊಟ್ಟಳು. ಅದು ಒದ್ದೆಯಾಗಿತ್ತು. ಅವನು ಎರಡು ಬೆರಳಲ್ಲಿ ಹಿಡಿದುಕೊಂಡ.

"ಪುಸ್ತಕಾ ಕೊಡು."

"ಕೊಡೂದಿಲ್ಲ."

"ಅದು ಆಫೀಸಿಂದು."

"ಇದ್ರಾಗಿನ ಸುಳ್ಳು ನಂದು. ನನ್ನ ಕಡೆ ಇರತೈತಿ."

ಅವನು ಕೈಚಾಚಿದ. ಮಹೆಕ ಬಂದು ನಡುವೆ ನಿಂತಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಗಾಡಿ ಹೋಯಿತು.

ಓಣಿಯವರು ಕಲ್ಪನಾಳನ್ನು ಮೆಚ್ಚಿಕೊಂಡರು ಎಂದು ಯಾರಾದರೂ ತಿಳಿದರೆ ತಪ್ಪು. ಒಬ್ಬ ಮುದುಕಿ ಅವಳ ಕಾಲ ಬುಡದಲ್ಲೇ ಉಗುಳಿ ಹೋದಳು. ಇನ್ನೊಬ್ಬಳು, "ನಾಯಿನೂ ಹಿಂಗ ಕಟ್ಟೂದಿಲ್ಲವಾ," ಅಂದಳು. ಕಲ್ಪನಾ ತಲೆತಗ್ಗಿಸಿ ನೀರು ಕಾಸಿದಳು. ತಾಯಿಗೆ ಮೈ ತೊಳೆದಳು. ಗಾಯಕ್ಕೆ ಅರಿಶಿನ ಹಚ್ಚುವಾಗ ಅನ್ನವ್ವ ಉರಿಯುತ್ತದೆ ಎಂದು ಅವಳ ತಲೆಗೂದಲು ಹಿಡಿದುಕೊಂಡಳು. ಕಲ್ಪನಾ ಬಿಡಿಸಿಕೊಳ್ಳಲಿಲ್ಲ.

ಮರುದಿನ ಒಂಬತ್ತಕ್ಕೆ ಅವಳು ಬಾಗಿಲಿಗೆ ಕೀಲಿ ಹಾಕಲಿಲ್ಲ. ತಾಯಿಯ ಕೈ ಹಿಡಿದು ಹೊರಗೆ ಬಂದಳು. ಪುಸ್ತಕ ಕಂಕುಳಲ್ಲಿತ್ತು. ಇಪ್ಪತ್ತು ಮನೆಗೂ ಹೋದಳು. ಕೆಲವರು ಬಾಗಿಲು ಮುಚ್ಚಿಕೊಂಡರು. ಏಳು ಮಂದಿ ಬಂದರು. ಖಾತುನಬಿಯನ್ನು ಮಹೆಕ ನಡೆಸಿಕೊಂಡು ಬಂದಳು. ಎಲ್ಲರೂ ಕೇಂದ್ರದ ಕೀಲಿ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತರು. ನೋಡಲೆಂದು ಓಣಿಯ ಮಂದಿ ಬಂದು ಆಚೆ ಬದಿ ನಿಂತರು. ಯಾರೋ ಆಫೀಸಿಗೆ ಫೋನು ಹಚ್ಚಿದರು.

"ಹಾಜರಿ ಕರೀತೇನಿ," ಅಂದಳು ಕಲ್ಪನಾ. "ಖರೆ ಹಾಜರಿ."

ಮೊದಲನೆಯ ಹೆಸರು ಕೂಗಿದಳು. "ಅದೇನಿ," ಅಂತು ಒಂದು ದನಿ. ಎರಡನೆಯದಕ್ಕೆ ಯಾರೂ ಓಗೊಡಲಿಲ್ಲ. ಮೂರನೆಯದು ದೇವಪ್ಪ. ಪುಸ್ತಕದಲ್ಲಿದ್ದ ಹಾಗೆಯೇ ಎರಡು ಸಲ ಕೂಗಿದಳು.

"ಅಂವಾ ಹ್ವಾದ ದೀಪಾವಳಿಗೇ ತೀರಕೊಂಡನಲ್ಲವಾ," ಅಂದಳು ಖಾತುನಬಿ. "ನೀನೂ ಮಣ್ಣಿಗೆ ಬಂದಿದ್ದಿ."

ಬಂದಿದ್ದಳು. ಬಂದು ಮನೆಗೆ ಹೋಗಿ ದೇವಪ್ಪನ ಹೆಸರಿನ ಮುಂದೆ ಆ ತಿಂಗಳೂ, ಆಮೇಲಿನ ಪ್ರತಿ ತಿಂಗಳೂ ಹಾಜರ್ ಹಾಕಿದ್ದಳು. ಮೆಟ್ಟಿಲ ತುದಿಯಲ್ಲಿ ದೇವಪ್ಪನ ಹೆಂಡತಿ ಕೂತಿದ್ದಳು. ಆಕೆಯ ಮುಖ ನೋಡಲು ಕಲ್ಪನಾಗೆ ಆಗಲಿಲ್ಲ. ದೇವಪ್ಪನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದು ಮುಂದಕ್ಕೆ ಓದಿದಳು. ನಾಲ್ಕು, ಐದು, ಆರು. ಕೆಲವರು ಅದೇನಿ ಅಂದರು, ಕೆಲವು ಹೆಸರಿಗೆ ಬಿಸಿಲೊಂದೇ ಇತ್ತು. ಒಂಬತ್ತನೆಯದಕ್ಕೆ ಬಂದಳು.

"ಅನ್ನವ್ವ ಕಲ್ಲಣ್ಣ."

ಅನ್ನವ್ವ ಮಗಳ ದನಿಗೆ ತಲೆಯೆತ್ತಿದಳು. ಏರುತ್ತಿದ್ದ ಬಿಸಿಲು ನೋಡಿದಳು. ಬಲಗಾಲನ್ನು ಮುಂದಕ್ಕೆ ಚಾಚಿ, ಸೀರೆಯ ಅಂಚನ್ನು ತಾನೇ ಮೇಲಕ್ಕೆ ಸರಿಸಿದಳು.

"ಹೊತ್ತಾತು ನಿನಗ," ಅಂದಳು. "ಕಟ್ಟಿ ಹೋಗು."

ಓಣಿಯ ಮಂದಿಯೆಲ್ಲ ನೋಡುತ್ತಿದ್ದರು. ಕಲ್ಪನಾ ಒಂದು ಮೆಟ್ಟಿಲು ಕೆಳಗೆ ಕೂತು ಆ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಅರಿಶಿನದ ಕೆಳಗೆ ದಾರದ ಗುರುತು ಸುತ್ತಲೂ ಇತ್ತು. ಅವಳು ಅದನ್ನು ಸೆರಗಿನಿಂದ ಮುಚ್ಚಲಿಲ್ಲ. ಹತ್ತನೆಯ ಹೆಸರಿಗೆ ಪುಸ್ತಕವನ್ನು ಮಹೆಕಳ ಕಡೆ ಚಾಚಿದಳು.

ಮಹೆಕ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು ಕೂಗಿದಳು. "ಖಾತುನಬಿ."

"ಅದೇನಿ," ಅಂದಳು ಖಾತುನಬಿ.